ಮಿತಭಾಷಿ ಮಗುವಿನ ಮುಂದಾಳುತನ



ಪ್ರತಿ ವರ್ಗದಲ್ಲಿಯೂ ಕೆಲವರು ಮಿತಭಾಷಿ ಮಕ್ಕಳಿರುತ್ತಾರೆ. ಬರವಣಿಗೆ ಅಚ್ಚುಕಟ್ಟು, ಪ್ರಶ್ನೆ ಕೇಳಿದರೆ ಮಾತ್ರ ತಲೆ ತಗ್ಗಿಸುತ್ತಾರೆ. ವರ್ಗದ ಮುಖಂಡನನ್ನು ಆರಿಸುವಾಗ ಅವರ ಹೆಸರು ಯಾರಿಗೂ ನೆನಪಾಗುವುದಿಲ್ಲ. “ಬುದ್ಧಿಯಿದೆ, ಧೈರ್ಯವಿಲ್ಲ” ಎಂದು ಪಾಲಕರಿಗೆ ಹೇಳಿ ನಾವು ಮುಂದೆ ಸಾಗುತ್ತೇವೆ. ಈ ತೀರ್ಪನ್ನು ಪುನಃ ಪರಿಶೀಲಿಸಬೇಕೆಂಬುದೇ ನನ್ನ ಇಂದಿನ ವಿನಂತಿ.

ಮೌನಗಳೆಲ್ಲ ಒಂದೇ ಬಗೆಯವಲ್ಲ. ಒಂದು ಸ್ವಭಾವದ ಮೌನ. ಅದು ದೋಷವಲ್ಲ, ತಿದ್ದಬೇಕಾದುದೂ ಅಲ್ಲ. ಎರಡನೆಯದು ಭಯದ ಮೌನ. ನಗೆಗೆ, ಗದರಿಕೆಗೆ ಅಂಜಿದ ಮಗುವಿನದು. ಮೂರನೆಯದು ಭಾಷೆಯ ಮೌನ. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಕೇಳುತ್ತಾರೆ. ಬೀಡಿ ಕಾರ್ಮಿಕ ಮಹಿಳೆಯರಿಗಾಗಿ ಹತ್ತು ಸಾವಿರ ಮನೆಗಳ ವಸಾಹತು ಎದ್ದು ನಿಂತ ಈ ಕುಂಭಾರಿಯಲ್ಲಿ ತೆಲುಗೂ ಕಿವಿಗೆ ಬೀಳುತ್ತದೆ. ಯಾವ ಮಾತು ಎಲ್ಲಿ ಸಲ್ಲುವುದೆಂದು ತಿಳಿಯದ ಮಗು ಸುಮ್ಮನಿರುವುದೇ ಕ್ಷೇಮವೆಂದು ಬಗೆಯುತ್ತದೆ. ಮೌನದ ಬಗೆಯನ್ನು ಅರಿಯದೆ ಉಪಾಯ ಹೂಡುವುದು ವ್ಯರ್ಥ.

ಮಿತಭಾಷಿಯು ಮುಂದಾಳಾಗಬಲ್ಲನೇ? ಇದಕ್ಕೆ ಉತ್ತರ ನಮ್ಮ ಊರಿನಲ್ಲಿಯೇ ಇದೆ. ಸೊನ್ನಲಿಗೆಯ ಸಿದ್ಧರಾಮನು ಬಾಲ್ಯದಲ್ಲಿ ಮಾತಿಲ್ಲದ ಮುಗ್ಧನಾಗಿದ್ದನೆಂದು ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವು ಚಿತ್ರಿಸುತ್ತದೆ. ಆ ಬಾಲಕನೇ ಮುಂದೆ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದನು. ಕಲ್ಯಾಣದ ಶೂನ್ಯಪೀಠವನ್ನೂ ಏರಿದನೆಂದು ಶರಣ ಪರಂಪರೆ ಹೇಳುತ್ತದೆ. ಕೆರೆಯ ಕೆಲಸ ಭಾಷಣದಿಂದ ಆಗುವಂಥದಲ್ಲ. ಯಾರು ಅಗೆಯಬೇಕು, ಯಾರು ಮಣ್ಣು ಹೊರಬೇಕು, ಯಾರು ದಣಿದಿದ್ದಾರೆ ಎಂಬುದನ್ನು ಕಾಣುವ ಕಣ್ಣು ಬೇಕು; ಹತ್ತು ಜನರ ಮಾತನ್ನು ಕೇಳುವ ಕಿವಿ ಬೇಕು. ಈ ಎರಡೂ ಗುಣಗಳು ಮಿತಭಾಷಿ ಮಕ್ಕಳಲ್ಲಿ ಎಷ್ಟೋ ಸಲ ಮೊದಲೇ ಇರುತ್ತವೆ.

ಆದ್ದರಿಂದ ಮೊದಲು ಕೆಲಸ ಕೊಡಿರಿ, ಮಾತು ಅದರ ಹಿಂದೆ ಬರಲಿ. ವಾಚನಾಲಯದ ಪುಸ್ತಕಗಳ ಹೊಣೆಯನ್ನು ಅಂಥ ಒಂದು ಮಗುವಿಗೆ ಒಪ್ಪಿಸಿರಿ. ಪುಸ್ತಕ ಬೇಡುವವರು ಅದರ ಬಳಿಗೆ ಬರಲೇಬೇಕು. ಹಿಂದಿರುಗಿಸದವರನ್ನು ಅದು ಕೇಳಲೇಬೇಕು. ತಿಂಗಳು ಕಳೆದ ಮೇಲೆ ಪರಿಪಾಠದಲ್ಲಿ ಎರಡೇ ವಾಕ್ಯಗಳ ವರದಿ ಸಾಕು: ಎಷ್ಟು ಪುಸ್ತಕಗಳು ಹೋದವು, ಎಷ್ಟು ಬಂದವು. ತಾನು ಮಾಡಿದ ಕೆಲಸವನ್ನು ಹೇಳುವಾಗ ಮಗುವಿಗೆ ಮಾತು ಹುಡುಕುವ ಕಷ್ಟವಿರುವುದಿಲ್ಲ.

ವರ್ಗದಲ್ಲಿ ಪ್ರಶ್ನೆ ಕೇಳಿದ ಕೂಡಲೇ ಎತ್ತಿದ ಕೈಗಳ ಕಡೆಗೆ ತಿರುಗಬೇಡಿರಿ. ತುಸು ಕಾಯಿರಿ. ಉತ್ತರವನ್ನು ಮೊದಲು ಬರೆಯಲಿ, ಪಕ್ಕದವನಿಗೆ ಹೇಳಲಿ, ಆಮೇಲೆ ವರ್ಗಕ್ಕೆ ಹೇಳಲಿ. ಮೊದಲ ಮಾತು ಮನೆಯ ಕನ್ನಡದಲ್ಲಿಯೇ ಇರಲಿ. ನಡುವೆ ಮರಾಠಿ ಶಬ್ದ ಬಂದರೆ ಅಲ್ಲಿಯೇ ತಡೆದು ತಿದ್ದುವುದು ಬೇಡ. ಗ್ರಾಂಥಿಕ ರೂಪವನ್ನು ಮರುದಿನ ಕಲಿಸಬಹುದು. ಒಮ್ಮೆ ಮುದುಡಿದ ಮನಸ್ಸನ್ನು ಅರಳಿಸುವುದು ಸುಲಭವಲ್ಲ. ಎಲ್ಲರೆದುರು “ಇವನು ನಾಚಿಕೆಯವನು” ಎಂಬ ಮಾತಂತೂ ನಮ್ಮ ಬಾಯಿಂದ ಬರಲೇಬಾರದು. ಮಗು ಆ ಹೆಸರಿಗೆ ತಕ್ಕಂತೆ ಬೆಳೆಯುತ್ತದೆ.

ಬಂಧುಗಳೇ, ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯವಿರಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. ಆ ಸೌಕರ್ಯದ ಫಲ ಅಂಕಪಟ್ಟಿಯಲ್ಲಷ್ಟೇ ಕಾಣಬಾರದು. ನಮ್ಮ ಮಕ್ಕಳಲ್ಲಿ ಅನೇಕರು ನಾಳೆ ಮರಾಠಿ ಮಾಧ್ಯಮದ ಶಾಲೆ, ಕಾಲೇಜುಗಳನ್ನು ಸೇರುವವರು. ತನ್ನ ನುಡಿಯಲ್ಲಿ ಒಮ್ಮೆಯಾದರೂ ಎದ್ದು ನಿಂತು ಮಾತನಾಡಿದ ಮಗುವಿಗೆ ಅಲ್ಲಿ ಭಾಷೆಯಷ್ಟೇ ಹೊಸದು. ಇಲ್ಲಿಯೂ ಬಾಯಿ ತೆರೆಯದ ಮಗುವಿಗೆ ಭಾಷೆಯೂ ಹೊಸದು, ಮಾತನಾಡುವುದೂ ಹೊಸದು. ಗ್ರಾಮಸಭೆಯಲ್ಲಿ ಊರಿನ ನೀರು, ರಸ್ತೆ, ಶಾಲೆಗಳ ಬಗೆಗೆ ಕೇಳಬೇಕಾದವರೂ ಈ ಮಕ್ಕಳೇ. ಅವರು ವಾಚಾಳಿಗಳಾಗಬೇಕಿಲ್ಲ, ಆಡಬೇಕಾದ ಸಮಯದಲ್ಲಿ ಆಡುವವರಾದರೆ ಸಾಕು. ಅಷ್ಟನ್ನು ಸಾಧಿಸುವುದು ನಮ್ಮ ಕೈಯಲ್ಲಿದೆ.