ಕೆರೆಯಂಚಿನ ಪುಟ್ಟ ನಿವೇಶನ



ಬೆಂಗಳೂರಿನಲ್ಲಿ ಮನೆ ಕಟ್ಟುವವರ ಬಾಯಲ್ಲಿ ‘ಥರ್ಟಿ ಫಾರ್ಟಿ’ ಎಂಬ ಮಾತು ಸದಾ ಕೇಳಿಬರುತ್ತದೆ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ. ಒಂದು ಗುಂಟೆಗಿಂತ ತುಸು ಹೆಚ್ಚು ಜಾಗ. ಎಷ್ಟೋ ಸಂಸಾರಗಳ ಜೀವಮಾನದ ಉಳಿತಾಯ ಅದರಲ್ಲಿ ಅಡಗಿರುತ್ತದೆ. ಇಂಥ ನಿವೇಶನ ಕೆರೆಯ ಅಂಚಿನಲ್ಲಿದ್ದು, ಅಲ್ಲಿ ಪಾಯ ತೋಡಲು ಶುರುವಾದರೆ ನೆರೆಹೊರೆಯವರು ತಕರಾರು ಎತ್ತುತ್ತಾರೆ. ‘ನಿಮ್ಮ ಮನೆ ಎದ್ದರೆ ನಮ್ಮ ಮನೆಗೆ ನೀರು ನುಗ್ಗುತ್ತದೆ’ ಎನ್ನುತ್ತಾರೆ. ‘ನೀವು ಕಟ್ಟಿಕೊಂಡಿದ್ದೀರಿ, ನಾವು ಮಾತ್ರ ಕಟ್ಟಬಾರದೇ?’ ಎಂಬುದು ನಿವೇಶನದವರ ಉತ್ತರ. ಚಿತ್ರೀಕರಣಕ್ಕೆಂದು ಕೆರೆಗಳ ಸುತ್ತ ಓಡಾಡುವ ನಾನು ಈ ಎರಡೂ ಮಾತುಗಳನ್ನು ಕೇಳಿದ್ದೇನೆ. ಎರಡರಲ್ಲೂ ನ್ಯಾಯವಿದೆ. ಹಾಗಾದರೆ ತಪ್ಪು ಎಲ್ಲಿದೆ?

ಸ್ವಲ್ಪ ಲೆಕ್ಕ ಮಾಡೋಣ. ಮೂವತ್ತು-ನಲವತ್ತು ನಿವೇಶನದ ವಿಸ್ತೀರ್ಣ ಸುಮಾರು 111 ಚದರ ಮೀಟರು. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸಿಗುವ ನೀರು ಸುಮಾರು 5,500 ಲೀಟರ್. ಹೆಚ್ಚುಕಡಿಮೆ ಒಂದು ಟ್ಯಾಂಕರ್. ಬರಿ ನೆಲವಾಗಿದ್ದಾಗ ಇದರಲ್ಲಿ ಒಂದು ಪಾಲನ್ನು ಮಣ್ಣು ಹೀರುತ್ತಿತ್ತು, ಉಳಿದದ್ದನ್ನು ಹುಲ್ಲು ತಡೆದು ನಿಧಾನವಾಗಿ ಬಿಡುತ್ತಿತ್ತು. ತಾರಸಿಯೂ ಸಿಮೆಂಟಿನ ಅಂಗಳವೂ ಬಂದ ಮೇಲೆ ಬಹುಪಾಲು ನೀರು ಕ್ಷಣಗಳಲ್ಲಿ ಹೊರಗೆ ಹರಿಯುತ್ತದೆ. ಒಂದು ಮನೆಯ ನೀರು ಯಾರ ಗಮನಕ್ಕೂ ಬಾರದು. ಅಂಥ ನೂರು ಮನೆಗಳಾದರೆ? ಐದೂವರೆ ಲಕ್ಷ ಲೀಟರ್! ಕೆರೆ ಮನೆಗಳನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಅದಕ್ಕೆ ಗೊತ್ತಿರುವುದು ಮೊತ್ತ ಮಾತ್ರ.

ಬೆಂಗಳೂರಿನ ಕೆರೆಗಳು ಸರಪಳಿಯಂತೆ ಹೆಣೆದುಕೊಂಡಿವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುತ್ತದೆ. ನಡುವೆ ಎಲ್ಲಿ ದಾರಿ ಕಟ್ಟಿದರೂ ನೀರು ಹೊಸ ದಾರಿ ಹುಡುಕುತ್ತದೆ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಆ ನೀರು ದುಬಾರಿ ಬಂಗಲೆಗಳನ್ನೂ ಬಿಡಲಿಲ್ಲ.

ಇನ್ನೊಂದು ತೊಂದರೆ ಕೊಳಚೆಯದು. ಒಳಚರಂಡಿ ಇಲ್ಲದ ಕಡೆ ಮನೆಗಳ ಕೊಳಚೆ ಕೆರೆಗೆ ಸೇರುತ್ತದೆ. ಅದರಲ್ಲಿರುವ ಸಾರಜನಕ ಮತ್ತು ರಂಜಕ ಪಾಚಿಗೆ ಗೊಬ್ಬರ. ಪಾಚಿ ಬೆಳೆದು, ಸತ್ತು, ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗುತ್ತದೆ. ಮೀನುಗಳು ಉಸಿರುಗಟ್ಟುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನುಗಳು ಸತ್ತು ತೇಲಿದವು. ದಡದ ಹುಲ್ಲು, ಜೊಂಡು ಈ ಕೊಳೆಯಲ್ಲಿ ಒಂದಷ್ಟನ್ನು ಸೋಸುತ್ತವೆ. ಮನೆ ಕಟ್ಟುವಾಗ ಮೊದಲು ಹೋಗುವುದೇ ಆ ಜೊಂಡು.

ಆದ್ದರಿಂದಲೇ ಕೆರೆಯ ಸುತ್ತ ಖಾಲಿ ಪಟ್ಟಿಯೊಂದನ್ನು ಬಿಡಬೇಕೆಂಬ ನಿಯಮ ಬಂತು. ಬೆಂಗಳೂರಿನ 2015ರ ಮಹಾಯೋಜನೆಯು ಕಂದಾಯ ದಾಖಲೆಯಲ್ಲಿರುವ ಕೆರೆಯ ಸುತ್ತ 30 ಮೀಟರ್ ಜಾಗ ಬಿಡಬೇಕೆಂದಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. 30 ಮೀಟರ್ ಎಂದರೆ 98 ಅಡಿ. ನಲವತ್ತು ಅಡಿ ಉದ್ದದ ನಿವೇಶನಗಳ ಎರಡು ಸಾಲು, ನಡುವೆ ಒಂದು ಓಣಿ ಅಷ್ಟರಲ್ಲಿ ಹಿಡಿಸುತ್ತವೆ! ದೊಡ್ಡ ಜಮೀನಿನವನು ಒಂದು ಮೂಲೆ ಬಿಟ್ಟು ಇನ್ನೊಂದು ಕಡೆ ಕಟ್ಟಬಹುದು. ಪುಟ್ಟ ನಿವೇಶನದವನು ಪೂರ್ತಿ ಕಳೆದುಕೊಳ್ಳುತ್ತಾನೆ. ಒಂದೇ ನಿಯಮ, ಆದರೆ ಪೆಟ್ಟು ಬೇರೆ ಬೇರೆ.

2015ರ ಏಪ್ರಿಲಿನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾದಾಗ ಮನೆಗಳೇ ನೆಲಕ್ಕುರುಳಿದವು. ಖಾತೆ ಇದೆ, ತೆರಿಗೆ ಕಟ್ಟಿದ್ದೇನೆ ಎಂಬ ಮಾತು ಇಂಥ ಕಡೆ ನಿಲ್ಲುವುದಿಲ್ಲ. ಖಾತೆ ತೆರಿಗೆಯ ದಾಖಲೆ, ಒಡೆತನದ ಪುರಾವೆಯಲ್ಲ. ಹಾಗೆಂದು ಸಣ್ಣವರನ್ನೇ ದೂರುವುದು ಸರಿಯೇ? ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೆರೆಯನ್ನು ನಿವೇಶನವೆಂದು ನೋಡುವುದನ್ನು ಊರಿಗೆ ಕಲಿಸಿದವರು ಬಡ ಸಂಸಾರದವರಲ್ಲ.

ಹಾಗಾಗಿ ನೆರೆಹೊರೆಯವರ ಆಕ್ಷೇಪಕ್ಕೆ ಬೆಲೆ ಬರುವುದು ಅದು ಬೇಗ ಬಂದಾಗ. ಗೋಡೆ ಎದ್ದ ಮೇಲೆ ಜಗಳವಾಡಿದರೆ ಕೆರೆಯೂ ಉಳಿಯದು, ಸ್ನೇಹವೂ ಉಳಿಯದು. ಜಮೀನನ್ನು ನಿವೇಶನಗಳಾಗಿ ಕತ್ತರಿಸುವ ದಿನವೇ ಪ್ರಶ್ನೆ ಕೇಳಬೇಕು. ಆ ಪ್ರಶ್ನೆ ಗುಂಟೆಯವನಿಗೂ ಎಕರೆಯವನಿಗೂ ಒಂದೇ ಆಗಿರಬೇಕು. ಮೊದಲೇ ದಡದಲ್ಲಿ ಮನೆ ಕಟ್ಟಿಕೊಂಡವರು ತಮ್ಮ ಮನೆಯ ಮಳೆನೀರನ್ನು ಇಂಗಿಸಿ, ಕೊಳಚೆ ಕೆರೆಗೆ ಸೇರದಂತೆ ನೋಡಿಕೊಂಡರೆ ಅವರ ಮಾತಿಗೂ ತೂಕ ಬರುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ತಮ್ಮ ಕೆರೆಯ ಆರೈಕೆಗೆ ನಿಂತರು. ಬರೀ ತಕರಾರಿಗಿಂತ ಮುಂದಿನ ಹೆಜ್ಜೆ ಇದು.

ನಿಮಗೊಂದು ಕೆಲಸ ಹೇಳುತ್ತೇನೆ. ಸರ್ಕಾರದ ‘ದಿಶಾಂಕ್’ ಎಂಬ ಮೊಬೈಲ್ ತಂತ್ರಾಂಶದಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ಗ್ರಾಮ ನಕ್ಷೆಯೊಂದಿಗೆ ಅದನ್ನು ಹೋಲಿಸಿ, ನಿಮ್ಮ ಊರಿನ ಕೆರೆಯ ಗಡಿ, ಕೋಡಿ, ರಾಜಕಾಲುವೆ ಎಲ್ಲಿವೆ ಎಂದು ಗುರುತು ಮಾಡಿ. ಮನೆಯಲ್ಲಿ ನಿವೇಶನ ಕೊಳ್ಳುವ ಮಾತು ಬಂದಾಗ ಆ ನಕ್ಷೆಯನ್ನು ಹಿರಿಯರ ಮುಂದಿಡಿ. ಮುಂಗಡ ಕೊಡುವ ಮುನ್ನ ಹೇಳಿದ ಒಂದು ಮಾತು ಒಂದು ಸಂಸಾರವನ್ನೂ ಒಂದು ಕೆರೆಯನ್ನೂ ಉಳಿಸಬಲ್ಲದು.