ಆ ಬಿ.ಎ. ದಂಡವಲ್ಲ



ಮಗಳೋ ಸೊಸೆಯೋ ಅಮೆರಿಕದಲ್ಲಿರುವುದು ನಮ್ಮ ನಗರಗಳ ಕನ್ನಡ ಮನೆಗಳಲ್ಲಿ ಈಗ ಹೊಸ ಸಂಗತಿಯೇನಲ್ಲ. ಗಂಡನಿಗೆ ಕೆಲಸ, ಮಕ್ಕಳಿಗೆ ಶಾಲೆ, ಇವಳ ಬಿ.ಎ. ಮಾತ್ರ ಪೆಟ್ಟಿಗೆಯ ತಳದಲ್ಲಿ. "ಇಲ್ಲಿ ನನ್ನ ಡಿಗ್ರಿಗೆ ಏನು ಬೆಲೆ?" ಎಂದು ಫೋನಿನಲ್ಲಿ ಕೇಳುತ್ತಾಳೆ. ಕನ್ನಡ ಬಿ.ಎ. ಓದಿದ ನನಗೂ ಈ ಪ್ರಶ್ನೆ ಹೊಸದಲ್ಲ. ಆ ಡಿಗ್ರಿಗೆ ಬೆಲೆಯಿರುವ ಒಂದು ಕೆಲಸದ ಬಗ್ಗೆ ಇಂದು ಮಾತಾಡೋಣ.

ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರ ಜತೆ ತರಗತಿ ಸಹಾಯಕರೂ ಇರುತ್ತಾರೆ. ಅವರನ್ನು ಪ್ಯಾರಾಪ್ರೊಫೆಷನಲ್ ಎನ್ನುತ್ತಾರೆ. ಹಿಂದೆ ಬಿದ್ದ ಮಗುವಿನ ಪಕ್ಕ ಕುಳಿತು ಓದಿಸುವುದು, ಲೆಕ್ಕ ಬಿಡಿಸಲು ನೆರವಾಗುವುದು ಇವರ ಕೆಲಸ. ಪಾಠದ ಹೊಣೆ ಮಾತ್ರ ಶಿಕ್ಷಕರದೇ.

ಬಡ ಮಕ್ಕಳ ಓದಿಗೆಂದು ಅಲ್ಲಿನ ಕೇಂದ್ರ ಸರ್ಕಾರ ಶಾಲೆಗಳಿಗೆ 'ಟೈಟಲ್ ಒನ್' ಎಂಬ ಹಣ ಕೊಡುತ್ತದೆ. ಆ ಹಣದಲ್ಲಿ ನಡೆಯುವ ತರಗತಿಗಳ ಸಹಾಯಕರಿಗೆ 2002ರ ಜನವರಿಯಲ್ಲಿ ಸಹಿಯಾದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾನೂನು ಅರ್ಹತೆ ಗೊತ್ತುಮಾಡಿತು. 2015ರ ಹೊಸ ಕಾನೂನು ಬಂದ ಮೇಲೂ ಆ ಅರ್ಹತೆ ಉಳಿದಿದೆ. ಹನ್ನೆರಡನೆಯ ತರಗತಿ ಮುಗಿದಿರಬೇಕು. ಜತೆಗೆ ಕಾಲೇಜಿನಲ್ಲಿ ಎರಡು ವರ್ಷದ ಓದು, ಇಲ್ಲವೇ ಅಸೋಸಿಯೇಟ್ ಪದವಿ, ಇಲ್ಲವೇ ಓದು-ಬರಹ-ಗಣಿತದ ಒಂದು ಪರೀಕ್ಷೆ. ನೆನಪಿಡಿ, ಮೂರೂ ಬೇಕಿಲ್ಲ, ಒಂದು ಸಾಕು.

ನಮ್ಮ ಮೂರು ವರ್ಷದ ಬಿ.ಎ. ಸಾಮಾನ್ಯವಾಗಿ ಮೊದಲ ದಾರಿಗೇ ಸಾಕಾಗುತ್ತದೆ. ಆದರೆ ಅದು ಅಲ್ಲಿನ ಯಾವ ಓದಿಗೆ ಸಮ ಎಂದು ಮೌಲ್ಯಮಾಪನ ಸಂಸ್ಥೆಯೊಂದು ಬರೆದುಕೊಡಬೇಕು. ಅದಕ್ಕೆ ವಿಶ್ವವಿದ್ಯಾಲಯದ ಅಂಕಪಟ್ಟಿ ಬೇಕು. ಊರಿಗೆ ಹೋಗಿ ಅದನ್ನು ಹೊಂದಿಸಿ ಕಳಿಸುವುದು ಇಲ್ಲಿರುವ ಅಪ್ಪ, ಅಮ್ಮ, ಅತ್ತೆ, ಮಾವ ಮಾಡಬಹುದಾದ ನಿಜವಾದ ಸಹಾಯ.

ಕಾಗದ ಸಿಗದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಹಲವು ರಾಜ್ಯಗಳು ಒಪ್ಪುವ 'ಪ್ಯಾರಾಪ್ರೊ' ಪರೀಕ್ಷೆಯಿದೆ: 90 ಪ್ರಶ್ನೆ, ಎರಡೂವರೆ ಗಂಟೆ. ತೇರ್ಗಡೆಯ ಅಂಕವನ್ನು ಆಯಾ ರಾಜ್ಯವೋ ಶಾಲಾ ಜಿಲ್ಲೆಯೋ ಗೊತ್ತುಮಾಡುತ್ತದೆ.

ಒಂದೆರಡು ಎಚ್ಚರಿಕೆಯ ಮಾತು. ನ್ಯೂಯಾರ್ಕ್‌ನಂಥ ರಾಜ್ಯದಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಪರೀಕ್ಷೆ, ಪ್ರಮಾಣಪತ್ರ ಬೇಕು. ಬೆರಳಚ್ಚಿನ ತಪಾಸಣೆಯೂ ಇರುತ್ತದೆ. ಎಲ್ಲಕ್ಕಿಂತ ಮೊದಲು ಕೆಲಸದ ಅನುಮತಿ ಬೇಕು. ಎಚ್-4 ವೀಸಾದಲ್ಲಿರುವ ಹೆಂಡತಿಗೆ 2015ರ ಮೇ ತಿಂಗಳಿಂದ ಆ ಅನುಮತಿ ಸಿಗುವ ಅವಕಾಶವಿದೆ. ಆದರೆ ಅದು ಎಲ್ಲರಿಗೂ ಅಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು. ಅನುಮತಿ ಇಲ್ಲದೆ ಸಂಬಳಕ್ಕೆ ದುಡಿಯುವುದು ಬೇಡವೇ ಬೇಡ.

ಮುಂದಿನ ಸಲ ಫೋನು ಬಂದಾಗ "ಊಟ ಆಯ್ತಾ?" ಎಂದ ಮೇಲೆ "ನಿನ್ನ ಅಂಕಪಟ್ಟಿ ಎಲ್ಲಿದೆ?" ಎಂದೂ ಕೇಳಿ.