ತಾಂಡಾದ ಹಾಡು, ಊರಿನ ಆಟ

(ಕೆಂಚನಗುಡ್ಡದಲ್ಲಿ ಬಯಲಾಟಕ್ಕೆ ಮುನ್ನ ಆಡಿದ ಮಾತುಗಳ ಬರಹ ರೂಪ)



ತುಂಗಭದ್ರೆಯ ದಂಡೆಯ ಈ ಊರಿಗೆ ಕರೆಸಿ ‘ಬುಡಕಟ್ಟು ಜನರ ಹಾಡು-ಕುಣಿತ’ ಎಂಬ ವಿಷಯ ಕೊಟ್ಟಿದ್ದೀರಿ. ಬುಡಕಟ್ಟು ಎಂದಾಕ್ಷಣ ನಮಗೆ ನೆನಪಾಗುವುದು ಕಾಡು, ಬೆಂಕಿ, ಅದರ ಸುತ್ತ ಕುಣಿಯುವ ಜನ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೋ, ಉತ್ತರ ಕನ್ನಡದ ಸಿದ್ದಿಗಳ ಡಮಾಮಿಯನ್ನೋ ಟಿ.ವಿ.ಯಲ್ಲಿ ನೋಡಿರುತ್ತೇವೆ. ಅಷ್ಟು ದೂರ ಹೋಗುವುದು ಬೇಡ. ಸರಕಾರದ ಪಟ್ಟಿ ತೆರೆದರೆ ಇಲ್ಲಿ ಕುಳಿತಿರುವ ಅನೇಕರೇ ಬುಡಕಟ್ಟಿನವರು. ಬೇಡ, ವಾಲ್ಮೀಕಿ ಎಂಬ ಹೆಸರುಗಳು ನಾಯಕ ಸಮುದಾಯದ ಜೊತೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸೇರಿದ್ದು 1991ರಲ್ಲಿ. 2011ರ ಜನಗಣತಿಯ ಪ್ರಕಾರ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 18 ಮಂದಿ ಪರಿಶಿಷ್ಟ ಪಂಗಡದವರು. ನಿಮ್ಮ ಸಿರುಗುಪ್ಪ ವಿಧಾನಸಭಾ ಕ್ಷೇತ್ರವೂ ಅವರಿಗೇ ಮೀಸಲು.

ಆದರೆ ನೀವು ಆಡುವುದು ಏನು? ಬಯಲಾಟ. ಕಿರೀಟ, ಭುಜಕೀರ್ತಿ ಕಟ್ಟಿ, ಅಟ್ಟದ ಮೇಲೆ ಬೆಳಗಿನವರೆಗೆ ಕುಣಿಯುವ ಆಟ. ಅದರಲ್ಲಿ ಭೀಮನಾಗುವವನು ನಾಯಕರವನೂ ಆಗಬಹುದು, ಕುರುಬರವನೂ ಆಗಬಹುದು. ಇದನ್ನು ಯಾರೂ ಬುಡಕಟ್ಟು ಕಲೆ ಎನ್ನುವುದಿಲ್ಲ. ಅದೇ ಕನ್ನಡಿ ಹೊಲಿದ ಬಟ್ಟೆಯ ಲಂಬಾಣಿ ಹೆಂಗಸರು ಮೆರವಣಿಗೆಯಲ್ಲಿ ಬಂದರೆ ‘ನೋಡಿ, ಬುಡಕಟ್ಟು ನೃತ್ಯ’ ಎಂದು ಕ್ಯಾಮೆರಾ ತೆಗೆಯುತ್ತೇವೆ. ಕರ್ನಾಟಕದ ಪಟ್ಟಿಯಲ್ಲಿ ಅವರು ಪರಿಶಿಷ್ಟ ಜಾತಿ, ಪಂಗಡವಲ್ಲ!

ಇಲ್ಲಿಂದ ಪೂರ್ವಕ್ಕೆ ಗಡಿ ದಾಟಿ ಆದೋನಿಯ ಕಡೆ ಹೋಗಿ. ಅಲ್ಲಿ ಸುಗಾಲಿ, ಲಂಬಾಡಿ ಎಂದು ಕರೆಸಿಕೊಳ್ಳುವ ಅದೇ ಜನ ಪರಿಶಿಷ್ಟ ಪಂಗಡದವರು. ಮಹಾರಾಷ್ಟ್ರದಲ್ಲಿ ಅವರೇ ವಿಮುಕ್ತ ಜಾತಿ. ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯನ್ನು 1953ರ ಅಕ್ಟೋಬರ್ 1ರಂದು ಒಡೆದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಸಿರುಗುಪ್ಪ ಮೈಸೂರಿಗೆ ಬಂತು. ಅಂದರೆ ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ ಅಕ್ಕ ಒಂದು ಪಟ್ಟಿಗೆ, ತಂಗಿ ಇನ್ನೊಂದು ಪಟ್ಟಿಗೆ. ಹಾಡು ಮಾತ್ರ ಇಬ್ಬರದೂ ಒಂದೇ, ಗೋರ್ ಬೋಲಿಯಲ್ಲಿ. ಪಟ್ಟಿ ಬೇಡವೆಂದು ನಾನು ಹೇಳುತ್ತಿಲ್ಲ. ಓದು, ನೌಕರಿಗೆ ಅದು ಬೇಕು. ಹಾಡಿನ ಬೇರು ಹುಡುಕಲು ಮಾತ್ರ ಅದು ದಾರಿಯಲ್ಲ.

ಈ ಜನ ನಮ್ಮ ನೆಲಕ್ಕೆ ಬಂದದ್ದು ಎತ್ತುಗಳ ಬೆನ್ನಿನ ಮೇಲೆ ಉಪ್ಪು, ದವಸ ಹೇರಿಕೊಂಡು. ದಖ್ಖನಿನ ಸೈನ್ಯಗಳಿಗೆ ಕಾಳುಕಡಿ ಒದಗಿಸುತ್ತಿದ್ದವರು ಇವರೇ. ಟಿಪ್ಪುವಿನ ಮೇಲೆ 1791-92ರಲ್ಲಿ ದಂಡೆತ್ತಿ ಬಂದ ಕಾರ್ನ್‌ವಾಲಿಸ್ ಸಹ ಇವರ ಎತ್ತುಗಳನ್ನು ನೆಚ್ಚಿಕೊಂಡಿದ್ದ. ರೈಲು ಬಂತು, ಎತ್ತಿನ ಸಾಗಣೆ ನಿಂತಿತು. ಅಲೆದು ಬದುಕುವವರನ್ನು ಕಳ್ಳರೆಂದು ನೋಡುವ 1871ರ ಕಾನೂನೂ ಬಂತು. ತಾಂಡಾಗಳು ನೆಲೆ ನಿಂತವು. ಹೆಣ್ಣುಮಕ್ಕಳ ಹಾಡಿನಲ್ಲಿ ಮಾತ್ರ ಎತ್ತು ಇನ್ನೂ ಉಳಿದಿದೆ.

ಎಲ್ಲಿ ಎಂದರೆ, ಮದುವೆಯಲ್ಲಿ. ಗಂಡನ ಮನೆಗೆ ಹೊರಡುವ ಹುಡುಗಿಯನ್ನು ಎತ್ತಿನ ಬೆನ್ನಿನ ಮೇಲೆ ನಿಲ್ಲಿಸುತ್ತಾರೆ. ಅವಳು ಎರಡೂ ಕೈ ಎತ್ತಿ ತವರನ್ನು ಹರಸಿ ಹಾಡುತ್ತಾಳೆ. ಅದಕ್ಕೆ ಹವೇಲಿ ಎಂದು ಹೆಸರು. ಅದಕ್ಕೂ ಮುಂಚೆ ಬಂಧುಗಳ ಕೊರಳು ತಬ್ಬಿ ಅಳುತ್ತ ಹಾಡುವುದು ಢಾವಲೋ. ಇದು ಬರೀ ಅಳು ಅಲ್ಲ, ಕಲಿತ ಅಳು. ಅವ್ವನನ್ನು ಬಿಡುವಾಗ ಯಾವ ಮಾತು, ಅಣ್ಣನನ್ನು ಬಿಡುವಾಗ ಯಾವ ಮಾತು ಎಂದು ಹಿರಿಯ ಹೆಂಗಸರು ಹುಡುಗಿಗೆ ಮೊದಲೇ ಹೇಳಿಕೊಡುತ್ತಿದ್ದರು. ಕಲಿತದ್ದೆಂದು ಸುಳ್ಳು ಎನ್ನಬೇಡಿ. ನಮ್ಮಲ್ಲೂ ಸತ್ತವರ ಮುಂದೆ ಹಾಡಿ ಅಳುವ ಅಜ್ಜಿಯರು ಇದ್ದರಲ್ಲ, ಅವರ ದುಃಖ ಸುಳ್ಳಾಗಿತ್ತೆ?

ಹಿಂದೊಮ್ಮೆ ಸಂಡೂರು ಕಡೆಯ ತಾಂಡಾಕ್ಕೆ ಟೇಪ್ ರೆಕಾರ್ಡರ್ ಹಿಡಿದು ಹೋಗಿದ್ದೆ. ಒಬ್ಬ ಅಜ್ಜಿ ಎಲ್ಲ ಹಾಡೂ ಹಾಡಿದಳು. ಢಾವಲೋ ಕೇಳಿದಾಗ ಬಾಯಿ ಮುಚ್ಚಿದಳು. ಹುಡುಗಿ ಹೊರಡದೆ ಹಾಗೆ ಅಳುವುದು ಮನೆಗೆ ಒಳ್ಳೆಯದಲ್ಲವಂತೆ. ನನಗೆ ಆ ಹೊತ್ತಿಗೆ ಬೇಸರವಾಯಿತು, ಬಸ್ಸಿನ ಖರ್ಚು ದಂಡವಾಯಿತಲ್ಲ ಎಂದೂ ಅನ್ನಿಸಿತು. ಆಮೇಲೆ ತಿಳಿಯಿತು, ಆಕೆ ಹಾಡದೇ ಇದ್ದದ್ದೇ ನನಗೆ ಹೆಚ್ಚು ಕಲಿಸಿತ್ತು.

ಶ್ರಾವಣದ ತೀಜ್ ಹಬ್ಬವೂ ಹಾಗೆಯೇ. ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಹುತ್ತದ ಮಣ್ಣು, ಗೊಬ್ಬರ ಹಾಕಿ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ಹಾಡುತ್ತ ನೀರೆರೆಯುತ್ತಾರೆ. ಕೊನೆಯ ದಿನ ಸಸಿಯನ್ನು ಹಿರಿಯರ ರುಮಾಲಿಗೆ ಸಿಕ್ಕಿಸಿ, ಉಳಿದದ್ದನ್ನು ನೀರಿಗೆ ಬಿಡುವಾಗ ಅತ್ತುಬಿಡುತ್ತಾರೆ. ದೀಪಾವಳಿಯ ಅಮಾವಾಸ್ಯೆಗೆ ದೀಪ ಹಿಡಿದು, ಮೊದಲು ನಾಯಕನ ಮನೆ, ಆಮೇಲೆ ಮನೆಮನೆಗೆ ಹೋಗಿ ‘ಮೇರಾ’ ಕೋರುತ್ತಾರೆ. ಹೋಳಿಗೆ ಲೇಂಗಿ ಹಾಡುಗಳು, ಗಂಡಸರ ನಗಾರಿ. ಪ್ರತಿ ಹಾಡಿಗೂ ಒಂದು ದಿನ, ಒಂದು ಜಾಗ, ಒಂದು ಕೆಲಸ.

ವೇದಿಕೆಯಲ್ಲಿ ಇದು ಏನಾಗುತ್ತದೆ? ‘ಐದು ನಿಮಿಷ, ಜೋರಾಗಿ ಕುಣಿಯಿರಿ’ ಎನ್ನುತ್ತಾರೆ ಸಂಘಟಕರು. ಗುಂಡಗೆ ಸುತ್ತಿ ಕುಣಿಯುತ್ತಿದ್ದವರು ಮಂತ್ರಿಗಳತ್ತ ಮುಖ ಮಾಡಿ ಸಾಲಾಗಿ ನಿಲ್ಲಬೇಕು. ಢಾವಲೋಗೆ ಅಲ್ಲಿ ಜಾಗವೇ ಇಲ್ಲ. ಅಳುವವರನ್ನು ಮೆರವಣಿಗೆಗೆ ಯಾರು ಕರೆಯುತ್ತಾರೆ? ಹಾಗೆಂದು ವೇದಿಕೆಯನ್ನು ಬೈಯುವವನಲ್ಲ ನಾನು. ಸಂಭಾವನೆ ಸಿಗುತ್ತದೆ, ಮರ್ಯಾದೆ ಸಿಗುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಇದೆ; 2023ರಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ವೇಳೆ ಅದರ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ಬಟ್ಟೆಯನ್ನು ಪೇಟೆಗೆ ಕಳಿಸಬಹುದು. ಅಳುವ ಹಾಡನ್ನು ಹೇಗೆ ಕಳಿಸುತ್ತೀರಿ? ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಗುಳೆ ಹೋದ ಮನೆಯಲ್ಲಿ ತೀಜ್ ಬುಟ್ಟಿಗೆ ಒಂಬತ್ತು ದಿನ ನೀರು ಹಾಕುವವರು ಯಾರು?

ನಮ್ಮದೇ ಜಿಲ್ಲೆಯ ದರೋಜಿ ಈರಮ್ಮ ನಿಮಗೆ ಗೊತ್ತು. ಬುಡ್ಗ ಜಂಗಮ ಸಮುದಾಯದ, ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಬುರ್ರಕಥೆಯಲ್ಲಿ ಕುಮಾರರಾಮನನ್ನು, ಬಾಲನಾಗಮ್ಮನನ್ನು ರಾತ್ರಿಗಟ್ಟಲೆ ಹಾಡುತ್ತಿದ್ದರು. ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ಕಾವ್ಯಗಳು ಪುಸ್ತಕವಾದವು, ಏಕೆಂದರೆ ಯಾರೋ ಅವರ ಮುಂದೆ ಕೂತು ಪೂರ್ತಿ ಕೇಳಿದರು. ಐದು ನಿಮಿಷವಲ್ಲ, ಪೂರ್ತಿ.

ಆದ್ದರಿಂದ ಇಲ್ಲಿನ ಹುಡುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮೆಲ್ಲರ ಜೇಬಿನಲ್ಲಿ ಈಗ ಮೊಬೈಲ್ ಇದೆ, ನನ್ನ ಹಳೆಯ ಟೇಪಿಗಿಂತ ಚೆನ್ನಾಗಿ ದನಿ ಹಿಡಿಯುತ್ತದೆ. ಮನೆಯ ಅಜ್ಜಿ ಹಾಡಿದರೆ ಹಾಡಿನ ಜೊತೆ ಅದು ಯಾವ ದಿನದ್ದು, ಯಾವ ಕೆಲಸದ್ದು, ಯಾರಿಂದ ಕಲಿತದ್ದು ಎಂದೂ ಕೇಳಿ ಇಟ್ಟುಕೊಳ್ಳಿ. ಹಾಡಲಾರೆ ಎಂದರೆ ಏಕೆ ಎಂದು ಕೇಳಿ, ಅದನ್ನೂ ಬರೆದುಕೊಳ್ಳಿ.

ಮದ್ದಳೆಗೆ ಶ್ರುತಿ ಕೂಡಿಸುವ ಸದ್ದು ಆಗಲೇ ಕೇಳುತ್ತಿದೆ. ಬಣ್ಣ ಹಚ್ಚಿಕೊಂಡವರನ್ನು ಕಾಯಿಸಬಾರದು. ನಾನು ಕೆಳಗೆ ನಿಮ್ಮ ಜೊತೆ ಕೂರುತ್ತೇನೆ.